ಟೇಪಜ್ಜನ ಅಳತೆಗೆ ಸಿಕ್ಕವರು

ಆ ದಿನದ ಫಜೀತಿಗೆಲ್ಲ ಮೂಲ ಒಂದು ಖಾಲಿ ಕುರ್ಚಿ. ಕುರ್ಚಿಯ ತಪ್ಪೇನೂ ಇರಲಿಲ್ಲ ಪಾಪ. ಹಿಂದಿನ ದಿನ ಟೇಪಜ್ಜನೇ ಅದಕ್ಕೆ ಇಲ್ಲದ ಮರ್ಯಾದೆ ಕೊಟ್ಟುಬಿಟ್ಟಿದ್ದ.

“ಬನ್ನಿ ತಾಯಿ, ಕೂತ್ಕೊಳ್ಳಿ. ಗೌನಿನ ಅಂಚು ನೆಲ ಗುಡಿಸ್ತಾ ಇದೆ, ಸ್ವಲ್ಪ ಎತ್ಕೊಳ್ಳಿ” ಎಂದು ಕೈ ಚಾಚಿ ಉಪಚಾರ ಮಾಡುತ್ತಿದ್ದಾಗ, ಮಹಡಿಯ ಮನೆಯಿಂದ ಮೆಟ್ಟಿಲಿಳಿದು ಬರುತ್ತಿದ್ದ ಸೊಸೆ ಅರ್ಧದಲ್ಲೇ ನಿಂತಳು.

“ಯಾರ ಹತ್ರ ಮಾತಾಡ್ತಿದ್ದೀರಿ ಮಾವ?”

“ಮೆಷಿನ್ ಹತ್ರ.”

“ಮೆಷಿನ್ನಿಗೆ ಗೌನು ಯಾವಾಗ ಹೊಲಿಸಿದ್ರಿ?”

ಸೊಸೆಯ ನಾಲಗೆ ಅಂಗಡಿಯ ದೊಡ್ಡ ಕತ್ತರಿಗಿಂತ ಹರಿತ. ಅಜ್ಜ ಕೆಮ್ಮಿ, ಸೀಮೆಸುಣ್ಣ ಹುಡುಕುವವನ ಹಾಗೆ ಮೇಜಿನ ಕೆಳಗೆ ಬಗ್ಗಿದ. ಅವಳು ಮೆಟ್ಟಿಲು ಹತ್ತಿ ಹೋಗುವ ತನಕ ಮೇಲಕ್ಕೇಳಲಿಲ್ಲ.

ಅದು ಸಾಲದೆಂಬಂತೆ ಮಧ್ಯಾಹ್ನ ವಕೀಲರು ಬಂದು ಬಾಗಿಲಲ್ಲಿ ನಿಂತರು. ಅಂಗಡಿಯ ಹಳೇ ಗಿರಾಕಿ. ಬಿಸಿಲಲ್ಲಿ ಅವರ ಕರಿ ಕೋಟು, ಬಿಳಿ ಕಾಲರು ಕಣ್ಣಿಗೆ ಹೊಡೆಯುವಂತೆ ಕಂಡವು. ಇಷ್ಟು ಚೆನ್ನಾಗಿ ಕಾಣುತ್ತಿದ್ದಾರೆಂದರೆ ಇವರು ಖಂಡಿತ ಇಲ್ಲ ಎಂದು ತೀರ್ಮಾನಿಸಿದ ಅಜ್ಜ ಅವರ ಮುಖಕ್ಕೇ ಒಂದು ಆಕಳಿಕೆ ತೆಗೆದು, ಬೆನ್ನು ತಿರುಗಿಸಿ ಕೂತ. ವಕೀಲರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಟ್ಟೆಯ ಪೊಟ್ಟಣವನ್ನು ಕಂಕುಳಲ್ಲಿ ಒತ್ತಿಕೊಂಡು ಎದುರಿನ ಇನ್ನೊಂದು ಟೈಲರ್ ಅಂಗಡಿಗೆ ಹೋದರು.

ರಾತ್ರಿ ಮಗ ವಕೀಲರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದ. ಬಂದವನು ಊಟಕ್ಕೆ ಕೂತಾಗ, ತಟ್ಟೆ ನೋಡಿಕೊಂಡೇ ಹೇಳಿದ: “ಅಪ್ಪ, ಇನ್ನೊಂದು ಸಲ ಹೀಗೇನಾದ್ರೂ ಆದ್ರೆ, ಕತ್ತರಿ ಕೆಳಗಿಟ್ಟು ಮನೇಲಿ ಆರಾಮಾಗಿ ಇದ್ದುಬಿಡಿ.”

ಟೇಪಜ್ಜ ಕಲಸಿದ ತುತ್ತನ್ನು ತಟ್ಟೆಗೇ ಹಾಕಿದ. ಆರಾಮ ಎನ್ನುವ ಮಾತಿಗೆ ಅವನು ಹೆದರುವಷ್ಟು ಸಾವಿಗೂ ಹೆದರುತ್ತಿರಲಿಲ್ಲ. ಮೀಸೆ ಮೂಡುವ ಮೊದಲೇ ಕತ್ತರಿ ಹಿಡಿದ ಕೈ ಅದು. ಕುತ್ತಿಗೆಯಲ್ಲಿ ಅಳತೆಯ ಟೇಪು ಇಲ್ಲದೆ ಅವನನ್ನು ಕಂಡವರೇ ಆ ಬೀದಿಯಲ್ಲಿ ಇರಲಿಲ್ಲ. ಹಾಗೆಂದೇ ಆ ಹೆಸರು ಬಂದಿತ್ತು. ಸ್ವಂತ ಹೆಸರು ಏನೆಂದು ಕೇಳಿದರೆ ಅವನೂ ಒಂದು ಗಳಿಗೆ ಯೋಚಿಸಬೇಕಿತ್ತು. ಆ ಕತ್ತರಿಯೊಂದು ಕೈಯಿಂದ ಹೋದರೆ ಉಳಿಯುವುದು ಊಟ, ನಿದ್ದೆ ಮತ್ತು ಸೊಸೆ.

ತೊಂದರೆ ಇದ್ದದ್ದು ಕಣ್ಣಲ್ಲಿ. ಕೆಲವು ವರ್ಷಗಳಿಂದ ಅವನ ದೃಷ್ಟಿಯ ನಟ್ಟನಡುವೆ ಎಣ್ಣೆ ಬಿದ್ದ ಕಾಗದದಂಥ ಒಂದು ಕಲೆ ಕೂತಿತ್ತು. ನೇರ ನೋಡಿದರೆ ಎದುರಿನವರ ಮುಖ ಮಾಯ. ಓರೆಯಾಗಿ ನೋಡಿದರೆ ಒಂದಿಷ್ಟು ಕಾಣುತ್ತಿತ್ತು. ಹಾಗಾಗಿ ಗಿರಾಕಿಗಳನ್ನು ಅವನು ಕೋಳಿಯ ಹಾಗೆ ಕತ್ತು ವಾರೆ ಮಾಡಿಕೊಂಡು ನೋಡುತ್ತಿದ್ದ. ಕೆಲಸವನ್ನೇನೋ ಬೆರಳುಗಳು ದೂಡಿಕೊಂಡು ಹೋಗುತ್ತಿದ್ದವು. ಬಟ್ಟೆಯ ಎಳೆ, ಅಂಚು, ಸುಕ್ಕು ಎಲ್ಲ ಬೆರಳಿಗೆ ಬಾಯಿಪಾಠ.

ಈಚೆಗೆ ಹೊಸದೊಂದು ಶುರುವಾಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ತುಂಬ ಚೌಕಳಿ ಬಟ್ಟೆ ಹೊದಿಸಿದ ಹಾಗೆ ಕಾಣಿಸಿತು. ಆಮೇಲೆ ಇಸ್ತ್ರಿ ಮೇಜಿನ ಮೇಲೆ ಉದ್ದ ಟೋಪಿಯ ಗೇಣುದ್ದದ ಮಕ್ಕಳು ಓಡಾಡಿದವು. ಆಮೇಲೆ ಜರಿ ಗೌನಿನ ಹೆಂಗಸು. ಕೊನೆಗೆ ನೀಲಿ ಕೋಟಿನವನು. ಅವನು ಮೂಲೆಯ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತವನು ಹೋಗುವ ಮಾತೇ ಆಡಲಿಲ್ಲ. ಅವನು ಯಾವ ಮಾತನ್ನೂ ಆಡಲಿಲ್ಲ ಎನ್ನುವುದು ಬೇರೆ.

ವಿಚಿತ್ರವೆಂದರೆ, ಹೆತ್ತ ಮಗನ ಮುಖ ಮಂಜು ಮಂಜು. ಈ ನೀಲಿ ಕೋಟಿನ ಗುಂಡಿ ತೂರಿಸುವ ಕಾಜಾದ ನೂಲು ಮಾತ್ರ ಎಳೆ ಎಳೆಯಾಗಿ ಕಾಣುತ್ತಿತ್ತು. ಎಂಥ ಹೊಲಿಗೆ ಅದು! ತೋಳು ಹೆಗಲಿಗೆ ಸೇರುವಲ್ಲಿ ಒಂದು ಸುಕ್ಕಿಲ್ಲ. ಹೆದರಬೇಕಾದ ಅಜ್ಜ ಹೆದರಿಕೆ ಮರೆತು, ಇದನ್ನು ಹೊಲಿದ ಪುಣ್ಯಾತ್ಮ ಯಾರಪ್ಪಾ ಎಂದು ಹೊಟ್ಟೆಕಿಚ್ಚುಪಟ್ಟ.

ಗುಂಡಿ ತರುವ ನೆಪ ಹೇಳಿ ಒಬ್ಬನೇ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲ ಹೇಳಿಕೊಂಡಿದ್ದ. ಆಕೆ ನಗಲಿಲ್ಲ.

“ಅಜ್ಜಾ, ನಿಮಗೆ ಹುಚ್ಚೂ ಇಲ್ಲ, ಗಾಳಿ ಸೋಕಿದ್ದೂ ಅಲ್ಲ. ಕಣ್ಣು ಕಳಿಸ್ಬೇಕಾದ್ದನ್ನ ಕಳಿಸ್ತಿಲ್ಲ. ಮಿದುಳಿಗೆ ಸುಮ್ನೆ ಕೂತು ಅಭ್ಯಾಸ ಇಲ್ಲ ನೋಡಿ, ತಾನೇ ಚಿತ್ರ ಕಟ್ಕೊಂಡು ತೋರಿಸುತ್ತೆ. ಕಣ್ಣು ಮಂಕಾದ ಎಷ್ಟೋ ವಯಸ್ಸಾದವರಿಗೆ ಹೀಗಾಗುತ್ತೆ. ಜನ ಏನಂತಾರೋ ಅಂತ ಯಾರೂ ಬಾಯಿ ಬಿಡಲ್ಲ, ಅಷ್ಟೇ.”

“ಮತ್ತೆ ಇರೋರು ಯಾರು, ಇಲ್ಲದೋರು ಯಾರು ಅಂತ ತಿಳ್ಕೊಳ್ಳೋದು ಹೇಗಮ್ಮ?”

“ಇಲ್ಲದೋರು ಮಾತಾಡಲ್ಲ. ಸಾಮಾನ್ಯವಾಗಿ ಇರೋರಿಗಿಂತ ಚೆನ್ನಾಗಿ ಕಾಣ್ತಾರೆ. ಕಣ್ಣನ್ನ ಆ ಕಡೆ ಈ ಕಡೆ ಹೊರಳಿಸಿ ನೋಡಿ, ಇಲ್ಲಾ ಕೈ ಚಾಚಿ ಮುಟ್ಟಿ ನೋಡಿ. ಎಲ್ಲಕ್ಕಿಂತ ಮೊದಲು ಮನೇಲಿ ಹೇಳಿಬಿಡಿ.”

ಮೊದಲಿನ ಮಾತುಗಳನ್ನೆಲ್ಲ ಅಜ್ಜ ಗಂಟು ಕಟ್ಟಿಕೊಂಡು ಬಂದ. ಕೊನೆಯದನ್ನು ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿಟ್ಟು ಬಂದ.

ಈಗ ಮಗನ ಮಾತು ಕೇಳಿದ ಮೇಲೆ ರಾತ್ರಿಯೆಲ್ಲ ಹೊರಳಾಡಿ ಒಂದು ಉಪಾಯ ಹುಡುಕಿದ. ಬಂದವರನ್ನೆಲ್ಲ ಮುಟ್ಟಿ ನೋಡುತ್ತ ಕೂತರೆ ಏಟು ಬೀಳುವುದು ಖಂಡಿತ. ಆದರೆ ಟೈಲರ್ ಟೇಪು ಹಾಕಿದರೆ ಯಾರು ಬೇಡ ಅಂತಾರೆ? ಬಂದವರ ಹೆಗಲ ಮೇಲೆ ಟೇಪು ಹಾಕುವುದು. ನಿಂತರೆ ಮನುಷ್ಯ, ಬಿದ್ದರೆ ಮಿದುಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಈ ಪರೀಕ್ಷೆಯನ್ನು ಅವನು ನೀಲಿ ಕೋಟಿನವನ ಮೇಲೆ ಆಗಲೇ ಮಾಡಿದ್ದ. ಟೇಪು ಅವನನ್ನು ಹಾದು ಸ್ಟೂಲಿನ ಮೇಲೆ ಬಿದ್ದಿತ್ತು. ಆ ಕೇಸು ಅಲ್ಲಿಗೇ ಮುಗಿದಿತ್ತು.

ಬೆಳಿಗ್ಗೆ ಅಜ್ಜ ಅಂಗಡಿಗೆ ಇಳಿದಾಗ ಮಗ ಬಾಗಿಲು ತೆರೆದು, ಗುಡಿಸಿ, ಹೊರಡಲು ಸಿದ್ಧನಾಗಿ ನಿಂತಿದ್ದ.

“ಅಪ್ಪ, ನಿಮಗೊಂದು ವಿಷಯ ಹೇಳ್ಬೇಕಿತ್ತು.”

“ಹೇಳು.”

ಮಗ ಚಪ್ಪಲಿಯಿಂದ ಹೊಸಲು ಕೆರೆದ. ಅಷ್ಟು ದೊಡ್ಡವನಾದರೂ ಅಪ್ಪನೆದುರು ಅವನಿಗೆ ಮಾತು ನೆಟ್ಟಗೆ ಹೊರಡುತ್ತಿರಲಿಲ್ಲ. “ಬಟ್ಟೆ ತರೋಕೆ ಹೋಗ್ತಿದ್ದೀನಿ. ಬಂದು ಸಂಜೆ ಹೇಳ್ತೀನಿ” ಎಂದವನೇ ಹೊರಟುಹೋದ.

ಅಜ್ಜ ಕತ್ತರಿಸುವ ಮೇಜಿನ ಹಿಂದೆ ತನ್ನ ಕುರ್ಚಿಯಲ್ಲಿ ಕೂತು ಮೂಲೆಯ ಕಡೆ ಕತ್ತು ವಾರೆ ಮಾಡಿದ. ಸ್ಟೂಲಿನ ಮೇಲೆ ಎಂದಿನಂತೆ ಹಾಜರಿ. ಕಿಟಕಿಯ ಬೆಳಕು ನೇರ ಅಲ್ಲಿಗೇ ಬೀಳುತ್ತಿತ್ತು. ಆದರೆ ಇವತ್ತು ಕೋಟು ನೀಲಿಯಲ್ಲ, ಬೂದಿ ಬಣ್ಣ.

“ಏನಪ್ಪಾ, ಇವತ್ತು ಬೇರೆ ಕೋಟಾ? ಒಳ್ಳೇದು. ಇಲ್ಲದವನಾದ್ರೂ ದಿನಾ ಒಂದೇ ಬಟ್ಟೆ ಹಾಕ್ಬಾರ್ದು.”

ಸ್ಟೂಲಿನವನು ತಲೆಯಾಡಿಸಿದ. ಹಿಂದೆಂದೂ ಅವನು ತಲೆಯಾಡಿಸಿದ್ದಿಲ್ಲ. ಇಲ್ಲದವರು ಮಾತಾಡಲ್ಲ ಅಂತ ಡಾಕ್ಟರಮ್ಮ ಹೇಳಿದ್ದಾರೆಯೇ ಹೊರತು ತಲೆಯಾಡಿಸಲ್ಲ ಅಂತ ಹೇಳಿಲ್ಲವಲ್ಲ ಎಂದು ಅಜ್ಜ ಸಮಾಧಾನ ಮಾಡಿಕೊಂಡ. ಕಾಜಾದ ನೂಲು ಇವತ್ತು ಅಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ. ಸುಳ್ಳಿಗೂ ವಯಸ್ಸಾಗುತ್ತಿರಬೇಕು.

“ಆದ್ರೆ ಎಡಗಡೆ ಶೋಲ್ಡರ್ ಎಳೀತಾ ಇದೆಯಲ್ಲೋ. ಯಾವ ಅವಿವೇಕಿ ಕತ್ತರಿಸಿದ್ದು? ಆ ನೀಲಿ ಕೋಟು ಎಷ್ಟು ಚೆನ್ನಾಗಿತ್ತು!”

ಸ್ಟೂಲಿನವನು ನಾಚಿದವನಂತೆ ಎಡಹೆಗಲು ಮುಟ್ಟಿಕೊಂಡ. ಅಜ್ಜನಿಗೆ ಪಾಪ ಅನ್ನಿಸಿತು. ಅವನ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವುದು ಇತ್ತೀಚೆಗೆ ಅಜ್ಜನಿಗೆ ರೂಢಿಯಾಗಿತ್ತು. ಗುಟ್ಟು ಹೇಳಿಕೊಳ್ಳಲು ಇಲ್ಲದವನಿಗಿಂತ ಒಳ್ಳೆಯವನು ಇನ್ಯಾರು ಸಿಗುತ್ತಾರೆ? ಇರುವವರು ಒಬ್ಬರಿಗೆ ಕೇಳಿದ್ದನ್ನು ಹತ್ತು ಜನಕ್ಕೆ ಹಂಚುತ್ತಾರೆ.

“ನಿನ್ನ ಹತ್ರ ಮುಚ್ಚಿಡೋದೇನು? ಹೋದ ತಿಂಗಳು ವಕೀಲರ ಕೋಟಿಗೆ ಎರಡೂ ಎಡತೋಳೇ ಕತ್ತರಿಸಿಬಿಟ್ಟೆ ಕಣಪ್ಪ. ಬಟ್ಟೆಯ ಒಳಮೈ ಹೊರಮೈ ಗೊತ್ತಾಗ್ಲಿಲ್ಲ. ಇಲಿ ಕಡಿದು ಹಾಕ್ತು ಅಂತ ಹೇಳಿ, ಇಲ್ಲೇ ಮೇಜಿನ ಕೆಳಗೆ ಚೂರು ಬಟ್ಟೆ ಪೆಟ್ಟಿಗೇಲಿ ತುರುಕಿಟ್ಟಿದೀನಿ. ಪಾಪ, ಮಗ ಅವತ್ತಿಂದ ದಿನಾ ಇಲಿ ಬೋನು ಇಡ್ತಾನೆ. ಇದ್ರೆ ತಾನೇ ಬೀಳೋಕೆ!” ಎಂದು ಕಿಸಕ್ಕನೆ ನಕ್ಕ. ನಕ್ಕು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. “ಮಗನಿಗೆ ಸುಳ್ಳು ಹೇಳ್ದೆ ನೋಡು. ಏನ್ಮಾಡ್ಲಿ, ನಿಜ ಹೇಳಿದ್ರೆ ಕತ್ತರಿ ಹೋಗುತ್ತೆ.”

ಸ್ಟೂಲಿನವನು ಸ್ಟೂಲಿನ ಮೇಲೇ ಸ್ವಲ್ಪ ಮಿಸುಕಾಡಿದ.

ಅಷ್ಟರಲ್ಲಿ ಬಾಗಿಲಲ್ಲಿ ಖಾಕಿ ಬಣ್ಣದ ಒಂದು ಮಬ್ಬು ಕಂಡಿತು. ಅಜ್ಜ ಎದ್ದವನೇ ಟೇಪು ತೆಗೆದು ಅದರ ಹೆಗಲಿಗೆ ಹಾಕಿದ. ಟೇಪು ನಿಂತಿತು. ಮುಂದಿನದು ಕೈಯ ಹಳೇ ಚಾಳಿ. ಹೆಗಲಿನಿಂದ ತೋಳಿಗೆ, ತೋಳಿನಿಂದ ಎದೆಗೆ ತನ್ನಷ್ಟಕ್ಕೆ ತಾನೇ ಇಳಿಯಿತು.

“ಏನಜ್ಜಾ ಇದು?” ಎಂದ ಅಂಚೆಯವನು, ಪತ್ರ ಹಿಡಿದ ಕೈ ಮೇಲೆತ್ತಿಕೊಂಡೇ.

“ಏನಿಲ್ಲ, ಸುಮ್ನೆ.”

“ಎಷ್ಟಾಗುತ್ತೆ?”

“ಏನೂ ಆಗಲ್ಲಪ್ಪ, ಸುಮ್ನೆ ಅಂದ್ನಲ್ಲ.”

ಅಂಚೆಯವನು ಪತ್ರ ಕೊಟ್ಟು ಹೊರಗೆ ಬಂದ. ಪಕ್ಕದ್ದೇ ಔಷಧಿ ಅಂಗಡಿ. ಆ ಅಂಗಡಿಯವನಿಗೆ ಬೀದಿಯ ಪ್ರತಿ ಮನೆಯ ರೋಗವೂ ಗೊತ್ತು, ಗೊತ್ತಿಲ್ಲದಿದ್ದರೆ ಅವನೇ ಒಂದು ಅಂಟಿಸುತ್ತಿದ್ದ. “ಟೇಪಜ್ಜ ನನಗೆ ಕೋಟಿನ ಅಳತೆ ತಗೊಂಡ್ರು ಕಣ್ರೀ, ದುಡ್ಡು ಬೇಡ ಅಂದ್ರು” ಎಂದು ಅಂಚೆಯವನು ಹೇಳಿದ್ದೇ ತಡ, ಔಷಧಿಯವನು ಗಲ್ಲಾದಿಂದ ಎದ್ದು ನಿಂತ.

ಅವನು ಬರುವ ಮೊದಲೇ ಟೀ ಅಂಗಡಿಯಾಕೆ ಬಂದಳು. ಹೆಂಗಸರ ಅಳತೆ ಸೊಸೆಯ ಖಾತೆ. ಆದ್ದರಿಂದ ಅಜ್ಜ ಸಭ್ಯನಾಗಿ ಅವಳ ಮುಂಗೈಗೆ ಮಾತ್ರ ಟೇಪು ಸುತ್ತಿ, ಇದ್ದಾಳೆ ಎಂದು ಖಾತ್ರಿ ಮಾಡಿಕೊಂಡ. ಅವಳು ಬೆರಗಾಗಿ ಎರಡು ಲೋಟ ಟೀ ಇಟ್ಟಳು.

“ಎರಡ್ಯಾಕಮ್ಮ?”

“ನಿಮ್ಮ ಮಗನೇ ಹೇಳಿ ಹೋಗಿದ್ರು, ಎರಡು ಕೊಡು ಅಂತ.”

ಮಗನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ಅಜ್ಜನ ಮನಸ್ಸು ತುಂಬಿ ಬಂತು. ಒಂದು ಲೋಟ ಕುಡಿದ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದಕ್ಕೆ ಕೈ ಹಾಕಿದರೆ ಅದೂ ಖಾಲಿ. ಯಾವಾಗ ಕುಡಿದೆನೋ ನೆನಪಿಲ್ಲ. ಕಣ್ಣು ಹೋಯಿತು, ಈಗ ನೆನಪೂ ಹೊರಟಿತು ಎಂದು ನಿಟ್ಟುಸಿರುಬಿಟ್ಟ. ಸ್ಟೂಲಿನವನು ಬಾಯಿ ಒರೆಸಿಕೊಂಡಂತೆ ಕಂಡಿತು. ಅದನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ಹಾಗಿರಲಿಲ್ಲ.

ಔಷಧಿಯವನು ಬಂದ. ಟೇಪು ಬಿತ್ತು, ನಿಂತಿತು, ಇಳಿಯಿತು. ಅವನು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ.

“ನಂಗೂನಾ ಅಜ್ಜ?”

“ಎಲ್ಲರಿಗೂ ಹಾಕ್ಲೇಬೇಕಲ್ಲಪ್ಪ. ನಿನ್ನೊಬ್ಬನ್ನ ಬಿಟ್ರೆ ಹೇಗೆ?” ಅಜ್ಜ ಹೇಳಿದ್ದು ಟೇಪಿನ ವಿಚಾರ. ಕೇಳಿದವನ ತಲೆಯಲ್ಲಿ ಇದ್ದದ್ದು ಕೋಟಿನ ವಿಚಾರ.

ಔಷಧಿಯವನು ಹೊರಗೆ ಬಂದು, ಕಾಯಿಲೆ ಪತ್ತೆ ಮಾಡಿದ ಗಾಂಭೀರ್ಯದಲ್ಲಿ ಬೀದಿಗೆಲ್ಲ ಸಾರಿದ: “ಅಜ್ಜನಿಗೆ ದಿನ ಹತ್ತಿರ ಬಂದಿದೆ. ಮೊನ್ನೆ ಒಬ್ಬರೇ ಆಸ್ಪತ್ರೆ ಮೆಟ್ಟಿಲಿಳೀತಿದ್ದದ್ದನ್ನ ನಾನೇ ಕಣ್ಣಾರೆ ಕಂಡೆ. ಮನೆಯವರಿಗೂ ಹೇಳಿಲ್ಲ ಪಾಪ. ಹೋಗೋ ಮುಂಚೆ ಬೀದಿಯವರಿಗೆಲ್ಲ ಒಂದೊಂದು ಕೋಟು ಹೊಲಿದು ಕೊಟ್ಟು ಹೋಗ್ಬೇಕು ಅಂತ ಮನಸ್ಸು ಮಾಡಿದಾರೆ. ಯಾರೂ ಅವರ ಮುಂದೆ ಆ ಮಾತೆತ್ತಬೇಡಿ. ಹೋಗಿ, ಸುಮ್ನೆ ನಿಂತು, ಅಳತೆ ಕೊಟ್ಟು ಬನ್ನಿ.”

ಆಮೇಲೆ ಜನ ಬಂದರು ನೋಡಿ! ಎಂದೂ ಇತ್ತ ತಲೆಹಾಕದವರೂ ಬಂದರು. ಎಲ್ಲರ ಮುಖವೂ ಸಾವಿನ ಮನೆಗೆ ಬಂದವರಂತೆ ಜೋತುಬಿದ್ದಿತ್ತು, ಕೈಗಳು ಮಾತ್ರ ಅಳತೆಗೆ ಅನುಕೂಲವಾಗುವಂತೆ ಎರಡೂ ಕಡೆ ಚಾಚಿದ್ದವು. ಕ್ಷೌರದಂಗಡಿಯವನು ಅಜ್ಜನ ಕೈ ಹಿಡಿದು, “ಧೈರ್ಯವಾಗಿರಿ ಅಜ್ಜ, ಎಲ್ಲರೂ ಒಂದಿನ ಹೋಗೋರೇ” ಎಂದು ಕಣ್ಣೊರೆಸಿಕೊಂಡು, ಅದೇ ಉಸಿರಿನಲ್ಲಿ “ಒಳಗಡೆ ಒಂದು ಜೇಬು ಇರ್ಲಿ” ಎಂದ. ಎಲ್ಲಿಗೆ ಹೋಗುವುದು ಎಂದು ಅಜ್ಜನಿಗೆ ತಿಳಿಯಲಿಲ್ಲ. ಅಂಗಡಿ ಮುಚ್ಚಿ ಮನೆಗೆ ಹೋಗುವುದು ಎಂದುಕೊಂಡು ತಲೆಯಾಡಿಸಿದ.

ನಡುವೆ ಒಂದು ಎಡವಟ್ಟೂ ಆಯಿತು. ಜನರ ಸಾಲಿನಲ್ಲಿ ಜರಿ ಗೌನಿನ ಹೆಂಗಸು ಬಂದು ನಿಂತಳು. ಹುಷಾರಾಗಿದ್ದ ಅಜ್ಜ ಅವಳ ಮುಂಗೈಗೂ ಟೇಪು ಹಾಕಿದ. ಟೇಪು ಸರ್ರನೆ ನೆಲಕ್ಕೆ ಬಿತ್ತು. ಕ್ಷೌರದಂಗಡಿಯವನು ಬಗ್ಗಿ ಎತ್ತಿಕೊಟ್ಟು ಪಕ್ಕದವನ ಕಿವಿಯಲ್ಲಿ, “ನೋಡಿ, ಕೈಯಲ್ಲಿ ಶಕ್ತಿನೇ ಉಳಿದಿಲ್ಲ” ಎಂದು ಲೊಚಗುಟ್ಟಿದ. ಆ ಮಾತು ಬೀದಿಯ ಆ ತುದಿ ಮುಟ್ಟುವಷ್ಟರಲ್ಲಿ ಅಜ್ಜ ಇವತ್ತೋ ನಾಳೆಯೋ ಎಂದಾಗಿತ್ತು.

ಸಂಜೆ ದೀಪ ಹಾಕುವ ಹೊತ್ತಿಗೆ ಅಳತೆ ಕೊಟ್ಟವರೆಲ್ಲ ಬಟ್ಟೆಯ ಬಣ್ಣ ಆರಿಸಲು ಒಟ್ಟಿಗೇ ಬಂದು ಅಂಗಡಿ ತುಂಬಿಕೊಂಡರು. ಗದ್ದಲ ಮಹಡಿಗೆ ಕೇಳಿ ಸೊಸೆ ದಡದಡ ಇಳಿದು ಬಂದಳು.

“ಏನಿದು ಮಾವ, ಸಂತೆ?”

“ಅಮ್ಮಾ,” ಎಂದು ಔಷಧಿಯವನು ಕೈಮುಗಿದ, “ಇಡೀ ಬೀದಿಗೆ ಪುಕ್ಕಟೆ ಕೋಟು ಅಂದ್ರೆ ಸಾಮಾನ್ಯದ ಮಾತಾ? ನಿಮ್ಮ ಮಾವನಂಥ ದೊಡ್ಡ ಮನಸ್ಸು ಯಾರಿಗಿದೆ?”

“ಪುಕ್ಕಟೆ ಕೋಟಾ!” ಸೊಸೆ ಗಿರ್ರನೆ ಅಜ್ಜನ ಕಡೆ ತಿರುಗಿದಳು. “ನೀವು ಹಾಗಂದ್ರಾ ಮಾವ?”

ಈಗ ಅಜ್ಜನಿಗೆ ಬೆಳಿಗ್ಗೆಯಿಂದ ನಡೆದದ್ದರ ಅರ್ಥವೆಲ್ಲ ಒಟ್ಟಿಗೇ ಆಯಿತು. ಇಲ್ಲ ಅನ್ನೋಣವೆಂದು ಬಾಯಿ ತೆರೆದ.

“ಇಲ್ಲ ಅಂದ್ರೆ ಮತ್ತೆ ಅಳತೆ ಯಾಕೆ ತಗೊಂಡ್ರಿ?” ಎಂದಳು ಸೊಸೆ. “ಸುಮ್‌ಸುಮ್ನೆ ಯಾರಾದ್ರೂ ಬೀದಿಯವರ ಎದೆ ಅಳೀತಾರಾ? ನಿನ್ನೆ ಖಾಲಿ ಕುರ್ಚಿ ಹತ್ರ ಮಾತಾಡಿದ್ರಿ. ವಕೀಲರು ಮುಂದೆ ನಿಂತಿದ್ರೂ ನೋಡ್ಲಿಲ್ಲ. ಇವತ್ತು ಇದು. ಮಾವ, ನಿಮಗೇನಾಗಿದೆ? ನಿಜ ಹೇಳಿ.”

ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚು ಗಾಬರಿ ಇತ್ತು. ಅದನ್ನು ಕೇಳಿ ಅಜ್ಜನ ಎದೆ ಕರಗಿತು. ಹೇಳಿಬಿಡಲೇ, ಎಲ್ಲರೂ ಇದ್ದಾರೋ ಇಲ್ಲವೋ ನೋಡುತ್ತಿದ್ದೆ ತಾಯಿ ಎಂದು? ಮಾತು ನಾಲಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಮೇಜಿನ ಮೇಲೆ ತಡಕಾಡುತ್ತಿದ್ದ ಬೆರಳಿಗೆ ಕತ್ತರಿಯ ಹಿಡಿ ತಾಗಿತು. ಅವನ ಹೆಬ್ಬೆರಳಿಗೆ ಸವೆದು ಸವೆದು, ಅವನ ಕೈಗೆ ಮಾತ್ರ ಹೊಂದುವ ಹಿಡಿ. ನಿಜ ಹೇಳಿದರೆ ಇದು ಇವತ್ತೇ ಹೋಗುತ್ತದೆ.

“ಹೌದು, ನಾನೇ ಅಂದಿದ್ದು” ಎಂದ ಅಜ್ಜ, ಕತ್ತರಿ ಎತ್ತಿ ಹಿಡಿದು. “ಎಲ್ಲರಿಗೂ ಕೋಟು! ನನ್ನ ಕೈಯಾರೆ!”

ಅಂಗಡಿ ಜೈಕಾರದಿಂದ ನಡುಗಿತು. ಕ್ಷೌರದಂಗಡಿಯವನು ಒಳಜೇಬನ್ನು ಮತ್ತೊಮ್ಮೆ ನೆನಪಿಸಿದ. ಔಷಧಿಯವನು ತನ್ನ ಬಾವಮೈದನ ಅಳತೆಯನ್ನೂ ಬಾಯಲ್ಲೇ ಹೇಳಿ ಹೋದ. ಸೊಸೆ ಮಾತ್ರ ಗಂಡ ಬರಲಿ ಎಂಬಂತೆ ಮೇಲಿನ ಮೆಟ್ಟಿಲ ಮೇಲೆ ಹೋಗಿ ಕೂತಳು.

ಅಂಗಡಿ ಖಾಲಿಯಾಯಿತು. ಅಜ್ಜ ಕುರ್ಚಿಯಲ್ಲಿ ಕುಸಿದು, ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು ಸವರಿದ. ಕಾಣದ ಕಣ್ಣಲ್ಲಿ ಒಂದು ಬೀದಿಯ ಕೋಟು ಹೊಲಿಯುವುದು ಹೇಗೆ ಎನ್ನುವುದು ನಾಳೆಯ ಮಾತು. ಇವತ್ತು ಗುಟ್ಟು ಉಳಿಯಿತು.

“ನೋಡಿದ್ಯಾ?” ಎಂದು ಮೂಲೆಗೆ ಪಿಸುಗುಟ್ಟಿದ. “ಉಳಿಸ್ಕೊಂಡೆ! ನಾನು ಇಲ್ಲದೋರನ್ನೆಲ್ಲ ನೋಡ್ತೀನಿ ಅನ್ನೋದಾಗ್ಲಿ, ಎರಡು ಎಡತೋಳಿನ ವಿಷಯವಾಗ್ಲಿ, ಗೊತ್ತಿರೋದು ನನಗೆ ಮತ್ತೆ ನಿನಗೆ. ನೀನೋ, ಇಲ್ವೇ ಇಲ್ಲ!”

ಮೂಲೆ ಕೆಮ್ಮಿತು.

ಅಜ್ಜನ ನಗು ಅರ್ಧಕ್ಕೆ ನಿಂತಿತು. ಆ ಹೊತ್ತಿಗೆ ಸರಿಯಾಗಿ ಮಗ ಬಟ್ಟೆಯ ಮೂಟೆ ಹೊತ್ತು ಒಳಗೆ ಬಂದ. ಮೂಟೆ ಇಳಿಸಿ, ಬೆವರೊರೆಸಿಕೊಂಡು, ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದ: “ಅಪ್ಪ, ಕೋಪ ಮಾಡ್ಕೋಬೇಡಿ. ಬೆಳಿಗ್ಗೆ ಹೇಳೋಕೆ ಬಾಯಿ ಬರ್ಲಿಲ್ಲ. ಇವರು ಕಟಿಂಗ್ ಮಾಸ್ಟರು. ನಿಮ್ಮ ಕೈಕೆಳಗೆ ಇರ್ಲಿ ಅಂತ ಕರ್ಕೊಂಡು ಬಂದೆ. ಹೊಸಬರು ನಡುವೆ ಬಾಯಿ ಹಾಕಿದ್ರೆ ನಿಮಗಾಗಲ್ಲ, ಅದಕ್ಕೆ ಇವತ್ತೊಂದು ದಿನ ಮಾತಾಡ್ದೆ ಮೂಲೇಲಿ ಕೂತು ನಿಮ್ಮ ಕೆಲಸ ನೋಡಿ ಅಂದಿದ್ದೆ. ಯಾರು ಅಂತ ನೀವು ಕೇಳಿದ್ರೆ ಹೇಳಿ ಅಂದಿದ್ದೆ.”

“ಕೇಳ್ಲಿಲ್ಲ ಅವರು” ಎಂದು ಸ್ಟೂಲಿನವನು ಎದ್ದು ನಿಂತ. “ನಮಸ್ಕಾರ ಯಜಮಾನ್ರೇ.”

ಅಜ್ಜ ಹತ್ತಿರ ಹೋಗಿ, ಕುತ್ತಿಗೆಯ ಟೇಪು ತೆಗೆದು ಅವನ ಹೆಗಲ ಮೇಲೆ ಹಾಕಿದ. ಎಳೆಯುತ್ತಿದ್ದ ಆ ಎಡಗಡೆಯ ಹೊಲಿಗೆಯ ಮೇಲೆ ಟೇಪು ನಿಂತಿತು. ಬೆಳಿಗ್ಗೆಯೇ ತಿಳಿಯಬೇಕಿತ್ತು. ಮಿದುಳು ಅಜ್ಜನದು, ಅದು ಹೊಲಿದ ಯಾವ ಕೋಟಿಗೂ ಇವತ್ತಿನವರೆಗೆ ಹೆಗಲು ಎಳೆದದ್ದಿಲ್ಲ.

“ದಿನವೆಲ್ಲ ನೋಡಿದ್ರಲ್ಲ ಮಾಸ್ಟ್ರೇ,” ಎಂದ ಮಗ, ಏನೂ ಅರಿಯದೆ, “ಹೇಗೆ, ಅಪ್ಪನ ಜೊತೆ ಇರ್ತೀರಾ?”

ಮಾಸ್ಟರು ಕೆಟ್ಟವನಲ್ಲ. ಅಜ್ಜನ ಮುಖ ನೋಡಿದ, ನೆಲ ನೋಡಿದ, ತಲೆ ಕೆರೆದುಕೊಂಡ. “ಇರ್ತೀನಿ. ಆದ್ರೆ...”

“ಆದ್ರೆ?”

“ಆ ಇಲಿ ಬೋನು ಇನ್ನು ಬೇಡ ಅನ್ಸುತ್ತೆ.”

ಮಗನಿಗೆ ಅರ್ಥವಾಗಲಿಲ್ಲ. ಮಾಸ್ಟರು ಬಗ್ಗಿ ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಎರಡು ಕರಿ ತೋಳುಗಳನ್ನು ಎಳೆದು, ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹಾಸಿದ. ಮಗ ಒಂದನ್ನು ತನ್ನ ಎಡಗೈಗೆ ಹಿಡಿದು ನೋಡಿದ, ಇನ್ನೊಂದನ್ನು ಬಲಗೈಗೆ ಹಿಡಿದು ನೋಡಿದ. ಎರಡನೆಯದನ್ನು ತಿರುಗಿಸಿ ತಿರುಗಿಸಿ ನೋಡಿದ. ಸೊಸೆ ಮೆಟ್ಟಿಲಿಳಿದು ಬಂದು ಗಂಡನ ಪಕ್ಕ ನಿಂತಳು.

ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಚೌಕಳಿ ಗೋಡೆಯಿಂದ ಹಿಡಿದು ಜರಿ ಗೌನಿನವರೆಗೆ, ಡಾಕ್ಟರಮ್ಮ ಹೇಳಿದ್ದು, ತಾನು ಹೇಳದೆ ಬಿಟ್ಟದ್ದು ಎಲ್ಲವನ್ನೂ ಅಜ್ಜ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಹಗುರಾಯಿತು. ಮಗ ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಿದ್ದ.

“ಮೊದಲೇ ಹೇಳಿದ್ರೆ ನಾನೇನು ಬೇಡ ಅಂತಿದ್ನಾ ಅಪ್ಪ? ಕತ್ತರಿ ನಿಮ್ಮ ಕೈಲೇ ಇರ್ಲಿ, ಕಣ್ಣು ಮಾತ್ರ ಇವರದ್ದಿರ್ಲಿ ಅಂತ ತಾನೇ ಇವರನ್ನ ಕರ್ಕೊಂಡು ಬಂದಿದ್ದು?”

“ಹಾಗಾದ್ರೆ ಸರಿ” ಎಂದ ಅಜ್ಜ, ಕತ್ತರಿಯನ್ನು ಇನ್ನೂ ಬಿಗಿಯಾಗಿ ಹಿಡಿದು. “ಹಾಗೇ ಆಗ್ಲಿ.”

“ಇನ್ನು ಹೇಗಾಗುತ್ತೆ?” ಮಗ ತೋಳುಗಳ ಕಡೆ ನೋಡಿದ. “ಬೀದಿಗೆಲ್ಲ ಕೋಟು ಒಪ್ಕೊಂಡಿದ್ದೀರಂತೆ, ಬರೋ ದಾರೀಲೇ ಕೇಳ್ದೆ. ಹೊಲೀದೆ ಇದ್ರೆ ಮರ್ಯಾದೆ ಹೋಗುತ್ತೆ. ಹೊಲಿದು ಅಷ್ಟೂ ಜನಕ್ಕೆ ಎರಡೆರಡು ಎಡತೋಳು ಬಂದ್ರೆ ಅಂಗಡೀನೇ ಹೋಗುತ್ತೆ.”

ಮಗ ಮೆಲ್ಲಗೆ ಅಜ್ಜನ ಬೆರಳು ಬಿಡಿಸಿ ಕತ್ತರಿ ತೆಗೆದುಕೊಂಡು ಮಾಸ್ಟರಿಗೆ ಕೊಟ್ಟ. ಮಾಸ್ಟರು ಸಂಕೋಚದಿಂದಲೇ ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂತ. ಆ ಹಿಡಿ ಅವನ ಹೆಬ್ಬೆರಳಿಗೆ ಹೊಂದಲಿಲ್ಲ. ಅಜ್ಜನಿಗೆ ಅದೊಂದೇ ಸಮಾಧಾನ. ಇನ್ನು ಬೀದಿಯವರ ಎಡಹೆಗಲುಗಳೆಲ್ಲ ಎಳೆಯುವುದು ಗ್ಯಾರಂಟಿ; ಎಳೆಯಲಿ, ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಯಾರು ನೋಡುತ್ತಾರೆ ಎಂದುಕೊಂಡ.

ಸೊಸೆ ಮೇಲಿನಿಂದ ಒಂದು ದಿಂಬು ತಂದು ಮೂಲೆಯ ಸ್ಟೂಲಿಗೆ ಹಾಕಿದಳು. “ಬನ್ನಿ ಮಾವ, ಇಲ್ಲಿ ದೀಪದ ಬೆಳಕು ಚೆನ್ನಾಗಿದೆ. ಕೂತ್ಕೊಂಡು ಅವರಿಗೆ ಶೋಲ್ಡರ್ ಕತ್ತರಿಸೋದು ಹೇಳಿಕೊಡಿ.”

ಅಜ್ಜ ಸ್ಟೂಲಿನವರೆಗೆ ಹೋಗಿ ನಿಂತ. ಬೆಳಿಗ್ಗೆಯಿಂದ ಎಲ್ಲಿ ಹಾಳಾಗಿ ಹೋಗಿದ್ದನೋ, ನೀಲಿ ಕೋಟಿನವನು ವಾಪಸು ಬಂದಿದ್ದ. ದಿಂಬಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಹಾಯಾಗಿ ಕೂತಿದ್ದ. ಕಾಜಾದ ನೂಲು ಎಳೆ ಎಳೆಯಾಗಿ ಕಾಣುತ್ತಿತ್ತು.

“ಯಾಕೆ ಮಾವ, ನಿಂತೇ ಇದ್ದೀರಿ?”

“ಇಲ್ಲೊಬ್ಬ ಕೂತಿದ್ದಾನೆ ಕಣಮ್ಮ.”

ಸೊಸೆ ಸ್ಟೂಲು ನೋಡಿದಳು, ಮಾವನ ಮುಖ ನೋಡಿದಳು. “ಹಾಗಾದ್ರೆ ಸ್ವಲ್ಪ ಜರುಗೋಕೆ ಹೇಳಿ.”

“ಸ್ವಲ್ಪ ಜರುಗಪ್ಪಾ” ಎಂದು ಟೇಪಜ್ಜ ಸ್ಟೂಲಿನ ಅರ್ಧದ ಮೇಲೆ ಕೂತ.